ಲಾಭ, ಎರಡು, ಮೂರು

೧೯೮೩ನೇ ಇಸವಿ, ಫೆಬ್ರವರಿ ಹದಿಮೂರು, ರವಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾಂತಾಬಾಯಿ, ಬಟ್ಟೆ ಅಂಗಡಿಯ ಚನ್ನಬಸಪ್ಪ. ಶಾಂತಾಬಾಯಿಯನ್ನು ಹಾಜರಿದ್ದವರಲ್ಲಿ ಸೇರಿಸಬೇಕೋ ಬೇಡವೋ ಎಂದು ಸ್ವಲ್ಪ ಯೋಚಿಸಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಆದರೆ ನಮ್ಮ ಮನೆಯಲ್ಲಿ ಆಡಿದ ಯಾವ ಮಾತೂ ಇದುವರೆಗೆ ಅವಳ ಕಿವಿ ತಪ್ಪಿಸಿಕೊಂಡು ಹೋದದ್ದಿಲ್ಲ. ಆದ್ದರಿಂದ ಸೇರಿಸಿದ್ದೇನೆ.

ಚನ್ನಬಸಪ್ಪನ ಗೆಳೆಯರ ಬಳಗದವರು ಮುಂದಿನ ತಿಂಗಳು ಊರಲ್ಲಿ ಕಣ್ಣಿನ ಚಿಕಿತ್ಸಾ ಶಿಬಿರ ನಡೆಸುವವರಿದ್ದರು. ಅದರ ಪ್ರಕಟಣೆಯನ್ನು ತಾನೇ ಬರೆದು, ಪತ್ರಿಕೆಗೆ ಕಳಿಸಿಕೊಡಿ ಎಂದು ತಂದಿದ್ದ. ನಾನು ಶಾಲೆಯಿಂದ ನಿವೃತ್ತನಾಗಿ ಎಂಟು ತಿಂಗಳಾಗಿತ್ತು. ಆದರೆ ಗುಲ್ಬರ್ಗಾದ ಒಂದು ದಿನಪತ್ರಿಕೆಯ ಬಾತ್ಮೀದಾರನ ಕೆಲಸಕ್ಕೆ ನಿವೃತ್ತಿ ಇರಲಿಲ್ಲ, ಸಂಬಳವೂ ಇರಲಿಲ್ಲ. ಕೆಂಪು ಪೆನ್ಸಿಲ್ ತೆಗೆದುಕೊಂಡು ನಾಲ್ಕು ಕಾಗುಣಿತದ ತಪ್ಪು ತಿದ್ದಿದೆ. ಕೊನೆಯ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ಆ ಸಾಲು ಹೀಗಿತ್ತು: ‘ಸಾರ್ವಜನಿಕರು ಇದರ ಲಾಭ ಪಡೆಯಬೇಕು.’

“ಮಾಸ್ತರ್ರೆ, ಅದೊಂದು ಲೈನ್ ಯಾಕ ಹೊಡೆದ್ರಿ?”

“ಬೇಕಾಗಿಲ್ಲ.”

“ಬೇಕಾಗಿಲ್ಲ ಅಂದ್ರ ಹ್ಯಾಂಗ್ರಿ? ಲಾಭ ಇಲ್ಲದ ಪ್ರಕಟಣೆ ವಿಭೂತಿ ಇಲ್ಲದ ಹಣಿ ಕಂಡಾಂಗ ಕಾಣ್ತದ.”

ಅಡುಗೆಮನೆಯ ಬಾಗಿಲಿನಿಂದ ಉತ್ತರ ಬಂತು: “ಆ ಶಬ್ದದ ಕೂಡ ಇವರು ಮಾತು ಬಿಟ್ಟು ಏಳು ವರ್ಷ ಆತು ಚನ್ನಬಸಣ್ಣ. ನೀವು ಸುಮ್ಮನ ನಡುವ ಬರಬ್ಯಾಡ್ರಿ.”

ಅವಳು ಹೇಳಿದ್ದು ನಿಜ. ಒಂದು ಕಾಲದಲ್ಲಿ ಆ ಶಬ್ದಕ್ಕೂ ನನಗೂ ಬಹಳ ಸಲುಗೆ ಇತ್ತು.

ಮೊದಲ ಭೇಟಿಯೇ ಏಟಿನಿಂದ ಆದದ್ದು. ನಾನು ಓದಿದ್ದು ಹುಮನಾಬಾದಿನ ಒಂದು ಬೋರ್ಡಿಂಗಿನಲ್ಲಿ, ನಿಜಾಮನ ಕಾಲದಲ್ಲಿ, ಉರ್ದುವಿನಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಐದೂವರೆಗೆ ಸಾಲು. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ತಮ್ಮ ಸಂಖ್ಯೆ ಕೂಗಬೇಕು. ಬೋರ್ಡಿಂಗಿನ ಹಿಂದೆಯೇ ಗಂಜ್, ಅಂದರೆ ಕಾಳಿನ ಮಾರುಕಟ್ಟೆ. ಸುಗ್ಗಿಯ ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಅಲ್ಲಿ ಜೋಳ ಅಳೆಯುವವರ ದನಿ ಶುರುವಾಗುತ್ತಿತ್ತು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ‘ಲಾಭಾ... ಲಾಭಾ... ಎರಡಾ... ಎರಡಾ...’ ಎಂದು ಎಳೆದು ಎಳೆದು ಹಾಡುತ್ತಾರೆ, ಲೆಕ್ಕ ತಪ್ಪಬಾರದೆಂದು. ಆ ಹಾಡಿನಲ್ಲೇ ನಮಗೆ ಎಚ್ಚರ, ಆ ಹಾಡಿನಲ್ಲೇ ಹಲ್ಲುಜ್ಜುವುದು. ಒಂದು ದಿನ ಸಾಲಿನಲ್ಲಿ ನಾನೇ ಮೊದಲನೆಯವನಾಗಿ ನಿಂತೆ. ಮೌಲವಿ ಸಾಹೇಬರು ಬೆತ್ತ ಎತ್ತಿ ಸನ್ನೆ ಮಾಡಿದರು. ‘ಏಕ್’ ಎನ್ನಬೇಕಾದವನು, ಅರೆನಿದ್ದೆಯಲ್ಲಿ, ಗಂಜಿನ ರಾಗದಲ್ಲೇ “ಲಾಭಾ...” ಎಂದೆ. ಹಿಂದಿನವನು ತಡಮಾಡದೆ “ಎರಡಾ...” ಎಂದ. ಇಬ್ಬರಿಗೂ ಎರಡೆರಡು ಬಿದ್ದವು. ಮೊದಲ ಏಟಿಗೆ ನಾನು ಏನೆಂದು ಲೆಕ್ಕ ಮಾಡಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಐವತ್ತಾರರಲ್ಲಿ ನಮ್ಮ ಕಡೆ ಎಲ್ಲವೂ ಕನ್ನಡಕ್ಕೆ ತಿರುಗಿತು. ನಾನು ಆಗ ಬಸವಕಲ್ಯಾಣದಲ್ಲಿ ಮಾಸ್ತರ. ಊರಿನ ಪ್ರಕಟಣೆಗಳನ್ನೆಲ್ಲ ಕನ್ನಡದಲ್ಲಿ ಬರೆಯಬೇಕಾಯಿತು. ಬರೆಯಲು ಬರುವವರು ಕಡಿಮೆ. ಸಿಡುಬಿಗೆ ದೇವಿ ಹಾಕಿಸಿಕೊಳ್ಳಿ ಎಂದು ಹಲಗೆ ಬಾರಿಸಿ ಸಾರುವವನು ಅಲ್ಲಿಯವರೆಗೆ ಉರ್ದುವಿನಲ್ಲಿ ‘ಫಾಯದಾ ಉಠಾಯೇಂ’ ಎಂದು ಮುಗಿಸುತ್ತಿದ್ದ. ಮರಾಠಿ ಕೀರ್ತನಕಾರರ ಕರಪತ್ರಗಳು ‘ಲಾಭ ಘ್ಯಾವಾ’ ಎಂದು ಮುಗಿಯುತ್ತಿದ್ದವು. ನಾನು ಎರಡನ್ನೂ ಮುಂದಿಟ್ಟುಕೊಂಡು ‘ಲಾಭ ಪಡೆಯಬೇಕು’ ಎಂದು ಬರೆದೆ. ಊರಿಗೆಲ್ಲ ಹಿಡಿಸಿತು. ಆ ವಾಕ್ಯವನ್ನು ಕನ್ನಡಕ್ಕೆ ತಂದವನು ನಾನೇ ಎಂದು ಬಹಳ ವರ್ಷ ನಂಬಿದ್ದೆ. ಆಮೇಲೆ ವಿಚಾರಿಸಿದರೆ, ಆಸುಪಾಸಿನ ಪ್ರತಿ ಊರಲ್ಲೂ ಹಾಗೆ ನಂಬಿದ ಒಬ್ಬೊಬ್ಬ ಮಾಸ್ತರನಿದ್ದ.

ಬಾತ್ಮೀದಾರನಾದ ಮೇಲಂತೂ ಆ ಶಬ್ದ ಇಲ್ಲದೆ ನನ್ನ ಕೈ ಓಡುತ್ತಿರಲಿಲ್ಲ. ಪ್ರವಚನವಾದರೆ ಭಕ್ತರು ಅದರ ಲಾಭ ಪಡೆದರು. ಮಳೆ ಬಂದರೆ ತೊಗರಿಗೆ ಲಾಭ. ರಾಜೇಶ್ವರಕ್ಕೆ ಹೊಸ ಬಸ್ಸು ಬಿಟ್ಟರೆ ಸುತ್ತಲಿನ ಹಳ್ಳಿಗಳಿಗೆ ಲಾಭ. ಕೋರ್ಟಿನಲ್ಲಿ ಆರೋಪಿಗೆ ಸಂಶಯದ ಲಾಭ. ಕಳ್ಳರು ಓಡಿಹೋದರೆ ‘ಕತ್ತಲೆಯ ಲಾಭ ಪಡೆದು ಪರಾರಿಯಾದರು.’ ಈಗ ಹಳೆಯ ಕತ್ತರಿಕೆಗಳನ್ನು ತಿರುವಿ ನೋಡಿದರೆ, ನಾನು ಬರೆದ ಲಾಭವನ್ನು ನಿಜವಾಗಿ ಕೈಯಾರೆ ಪಡೆದವರು ಆ ಕಳ್ಳರೊಬ್ಬರೇ ಇರಬೇಕು ಅನಿಸುತ್ತದೆ. ಮನೆಯಲ್ಲೂ ಶಾಂತಾಬಾಯಿ ತಟ್ಟೆ ಇಟ್ಟು, “ಸಾರ್ವಜನಿಕರು ಬಂದು ಪುಂಡಿಪಲ್ಯದ ಲಾಭ ಪಡೀಬೇಕ್ರಿ” ಎಂದು ಕರೆಯುತ್ತಿದ್ದಳು.

ಒಮ್ಮೆ ಊರಿನ ಹಿರಿಯರೊಬ್ಬರು ತೀರಿಕೊಂಡರು. ಸುದ್ದಿ ಬರೆದೆ: ವಯಸ್ಸು, ಮಕ್ಕಳು, ಸದ್ಗುಣ, ಅಂತ್ಯಕ್ರಿಯೆಯ ಹೊತ್ತು. ಕೈ ತಾನಾಗಿಯೇ ಮುಂದೆ ಹೋಗಿ ಕೊನೆಯ ಸಾಲನ್ನೂ ಬರೆಯಿತು. ಪತ್ರಿಕೆಯವರು ಹಾಗೆಯೇ ಅಚ್ಚು ಹಾಕಿದರು. ಸಾರ್ವಜನಿಕರು ಅಂತ್ಯಕ್ರಿಯೆಯ ಲಾಭ ಪಡೆಯಬೇಕೆಂದು ಓದಿದ ಆ ಮನೆಯವರು ಬೈಯಲು ಬಂದರು. ಬಂದವರಿಗೆ ಬೈಯುವ ಮೊದಲೇ ನಗು ಬಂದು, ಚಹಾ ಕುಡಿದು ಹೋದರು. ನಕ್ಕು ಹೋದದ್ದರಿಂದ ನಾನು ಏನೂ ಕಲಿಯಲಿಲ್ಲ.

ಕಲಿಸಿದವಳು ದುಬಲಗುಂಡಿಯ ನಾಗಮ್ಮ.

ಎಪ್ಪತ್ತಾರನೇ ಇಸವಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ, ಮಳೆ ಹಿಡಿಯುವ ಮುಂಚೆ. ಹುಮನಾಬಾದಿನಲ್ಲಿ ಬಡ ಕುಟುಂಬಗಳಿಗೆ ಕುರಿ ಹಂಚುವ ಸಮಾರಂಭ, ಗುರುವಾರ ಹನ್ನೊಂದು ಗಂಟೆಗೆ. ಆರು ಹೆಸರುಗಳ ಯಾದಿಯನ್ನು ಕಚೇರಿಯ ಗುಮಾಸ್ತರು ಮೊದಲೇ ಕಳಿಸಿದ್ದರು. ‘ಫಲಾನುಭವಿ’ ಎಂಬ ಶಬ್ದ ಆಗಷ್ಟೇ ಕಚೇರಿಗಳಿಗೆ ಬಂದಿತ್ತು. ಯಾದಿಯ ತಲೆಯ ಮೇಲೆ ಅದು ದೊಡ್ಡದಾಗಿ ಕುಳಿತಿತ್ತು.

ನನ್ನ ಸುದ್ದಿ ಬರೆಯುವ ಹೊತ್ತು ಸಂಜೆ ಆರೂವರೆಯಿಂದ ಏಳೂಕಾಲು. ಗುಲ್ಬರ್ಗಾಕ್ಕೆ ಲಕೋಟೆ ಒಯ್ಯುವ ಬಸ್ಸು ಹುಮನಾಬಾದ್ ಬಿಡುವುದು ಮಧ್ಯಾಹ್ನ ಎರಡಕ್ಕೆ. ಹನ್ನೊಂದರ ಸಮಾರಂಭಕ್ಕೆ ಅತಿಥಿಗಳು ಒಂದಕ್ಕೆ ಮೊದಲು ಬಂದ ಉದಾಹರಣೆ ಇರಲಿಲ್ಲ. ಆದ್ದರಿಂದ ನಾನೊಂದು ಕ್ರಮ ಮಾಡಿಕೊಂಡಿದ್ದೆ. ನಾಳೆಯ ಸುದ್ದಿಯನ್ನು ಇವತ್ತೇ ಬರೆದಿಡುವುದು, ಅತಿಥಿಯ ಭಾಷಣಕ್ಕೆ ಮಾತ್ರ ಎರಡು ಸಾಲು ಖಾಲಿ ಬಿಡುವುದು. ಈ ಕ್ರಮದ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಬುಧವಾರ ಸಂಜೆ ಬರೆದೆ: ‘ಇಲ್ಲಿ ಜರುಗಿದ ಸಮಾರಂಭದಲ್ಲಿ ದುಬಲಗುಂಡಿಯ ನಾಗಮ್ಮ ಮೊದಲಾದ ಆರು ಜನ ಫಲಾನುಭವಿಗಳು ತಲಾ ಹತ್ತು ಕುರಿಗಳ ಲಾಭ ಪಡೆದರು.’

ಗುರುವಾರ ಅತಿಥಿಗಳು ಬಂದಾಗ ಒಂದೂಕಾಲು. ಭಾಷಣ ಮುಗಿದಾಗ ಎರಡಕ್ಕೆ ಹತ್ತು ನಿಮಿಷ. ಖಾಲಿ ಸಾಲು ತುಂಬಿದೆ, ಬಸ್ ನಿಲ್ದಾಣಕ್ಕೆ ಓಡಿದೆ, ಕಂಡಕ್ಟರನ ಕೈಗೆ ಲಕೋಟೆ ಕೊಟ್ಟೆ. ಕುರಿ ಹಂಚುವುದು ಇನ್ನೂ ಬಾಕಿ ಇತ್ತು. ಲಾರಿಯಲ್ಲಿ ಅವು ಕೂಗುವುದನ್ನು ಕೇಳಿದ್ದೆ, ಅಷ್ಟು ಸಾಕೆನಿಸಿತು. ಬಸವಕಲ್ಯಾಣದ ಬಸ್ಸು ಹತ್ತಿ ಶಾಲೆಯ ಕೊನೆಯ ತಾಸಿಗೆ ಹಾಜರಾದೆ. ಶನಿವಾರ ಪತ್ರಿಕೆಯಲ್ಲಿ ಸುದ್ದಿ ಬಂತು, ಒಂದಕ್ಷರವೂ ಬಿಡದೆ.

ಮೂರು ವಾರ ಕಳೆದ ಮೇಲೆ ಒಂದು ರವಿವಾರ, ಏಳೂ ನಲವತ್ತಕ್ಕೆ, ಅಂಗಳದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು. ನಾನು ಗಡ್ಡ ಹೆರೆಯುತ್ತಿದ್ದೆ. ಭೇಟಿಯ ಹೊತ್ತು ಎಂಟು ಗಂಟೆ ಎಂದೆ. “ಕುಂಡ್ರತೀನ್ರಿ” ಎಂದು ಕುಕ್ಕರಗಾಲಲ್ಲಿ ಕುಳಿತಳು. ಇಪ್ಪತ್ತು ನಿಮಿಷ ಕೂಡಿಸಿದೆ. ಅದನ್ನು ಇವತ್ತಿಗೂ ಶಾಂತಾಬಾಯಿ ನೆನಪಿಸುತ್ತಾಳೆ.

ಎಂಟಕ್ಕೆ ಸರಿಯಾಗಿ ಹೊರಗೆ ಬಂದೆ.

“ಶರಣ್ರಿ ಮಾಸ್ತರ್ರೆ. ನಾ ದುಬಲಗುಂಡಿ ನಾಗಮ್ಮ. ನನ್ನ ಕುರಿ ಹೊಡಕೊಂಡು ಹೋಗಾಕ ಬಂದೀನ್ರಿ.”

“ಯಾವ ಕುರಿ?”

ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಸವೆದ ಪತ್ರಿಕೆಯ ತುಂಡೊಂದನ್ನು ತೆಗೆದಳು. “ಓದ್ರಿ. ಮೊದಲನೇ ಹೆಸರೇ ನಂದು ಅದ ಅಂತ. ಹತ್ತು ಕುರಿ ಪಡದಾಳ ಅಂತ ಬರ್ದೀರಂತ. ನನ್ನ ಹಟ್ಟ್ಯಾಗಂತೂ ಇಲ್ಲ. ಬರ್ದವರ ಮನ್ಯಾಗರ ಅವ ಏನು ನೋಡಮು ಅಂತ ಬಂದೆ.”

ಚಹಾ ತಂದ ಶಾಂತಾಬಾಯಿ, “ಇಲ್ಲವ್ವ, ಈ ಮನ್ಯಾಗ ಬರೇ ಲಾಭ ಅದ. ಕುರಿ ಇಲ್ಲ” ಎಂದಳು.

ನಾಗಮ್ಮ ನಕ್ಕಳು. ಆಮೇಲೆ ನಡೆದದ್ದನ್ನು ಹೇಳಿದಳು. ಅವಳು ಗಂಡ ಸತ್ತವಳು, ಊರಿನ ಒಬ್ಬ ಮಾಲಕನ ಕುರಿಗಳನ್ನು ಕೂಲಿಗೆ ಮೇಯಿಸುತ್ತಿದ್ದವಳು. ಸಮಾರಂಭದ ದಿನ ಹೊರಡುವ ಹೊತ್ತಿಗೆ ಮಾಲಕನ ಕುರಿಯೊಂದು ಈಯಲಾರದೆ ಒದ್ದಾಡಿತು. ಮರಿ ತೆಗೆದು ಹುಮನಾಬಾದ್ ಮುಟ್ಟಿದಾಗ ಐದು ಗಂಟೆ. ಉಳಿದ ಐವರು ತಮ್ಮ ಕುರಿ ಹೊಡೆದುಕೊಂಡು ಹೋಗಿದ್ದರು. ಅವಳ ಹತ್ತು ಕುರಿ ಲಾರಿಯಲ್ಲೇ ವಾಪಸಾಗಿದ್ದವು. ನಾಳೆ ಬಾ, ನಾಡಿದ್ದು ಬಾ ಎಂದರು. ಮೂರನೇ ಸಲ ಹೋದಾಗ ಗುಮಾಸ್ತರು ಫೈಲು ತೆಗೆದು, ಅಂಟಿಸಿದ್ದ ನನ್ನ ಸುದ್ದಿ ತೋರಿಸಿದರು.

“ನೀ ಫಲಾನುಭವಿ ಅದಿ, ಪೇಪರಿನ್ಯಾಗ ಬಂದದ, ಹೋಗು ಅಂದ್ರು. ನಾ ಅಂದೆ, ಯಪ್ಪಾ, ಏನ್ ಪಾಪ ಮಾಡೀನಂತ ಫಲ ಅನುಭವಿಸ್ಲಿ?”

“ಊರಲ್ಲಿ ಗೊತ್ತಿದೆಯಲ್ಲ, ನಿನಗೆ ಬಂದಿಲ್ಲ ಅಂತ?” ಎಂದೆ.

“ಊರಾಗೂ ಪೇಪರ್ ಬರ್ತದ್ರಿ. ಬಂದ ಕುರಿ ಎಲ್ಲಿ ಮಾರಿದಿ ಅಂತ ಕೇಳಾಕತ್ತಾರ. ನನ್ನ ಮೈದುನ ಅರ್ಧ ಪಾಲು ಕೇಳಾಕತ್ತಾನ. ಇಲ್ಲದ ಕುರಿಯಾಗ ಪಾಲು! ಮಾಲಕನೂ ಅಂದ, ನಿನಗ ಹತ್ತು ಕುರಿ ಬಂದಾವ, ನನ್ನವ ಯಾಕ ಮೇಸ್ತಿ ಅಂತ. ಬ್ಯಾರೆದವನ್ನ ಇಟ್ಕೊಂಡಾನ. ನಿಮ್ಮ ಪೇಪರಿಗೆ ಬಂದು ಇದ್ದದ್ದೂ ಹೋತು ನೋಡ್ರಿ.”

ನಾನು ಮಾಸ್ತರನಂತೆ ವಿವರಿಸಲು ಹೋದೆ. ಅದು ಸುದ್ದಿ ಬರೆಯುವ ರೀತಿ, ‘ಲಾಭ ಪಡೆದರು’ ಎಂದು ಬರೆಯುವುದು ಪದ್ಧತಿ, ಎಂದೆ. ಅವಳು ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು, ಬಸಿ ಕೆಳಗಿಟ್ಟಳು.

“ಮಾಸ್ತರ್ರೆ, ನನ್ನ ಗಂಡ ಹುಮನಾಬಾದ ಗಂಜಿನ್ಯಾಗ ರಾಶಿ ಅಳೀತಿದ್ದ. ಮೊದಲ ಸೇರಿಗೆ ಲಾಭ ಅಂತಿದ್ದ. ಯಾವಾಗ ಅಂತಿದ್ದ? ಸೇರು ತುಂಬಿ, ಚೀಲದಾಗ ಸುರುವಿ, ಆಮ್ಯಾಲೆ. ಖಾಲಿ ಸೇರು ಹಿಡಕೊಂಡು ಯಾರೂ ಲಾಭ ಅನ್ನಂಗಿಲ್ರಿ.”

ಬೋರ್ಡಿಂಗಿನಲ್ಲಿ ಆರು ವರ್ಷ ಆ ಹಾಡು ಕೇಳಿದ್ದೆ. ಹಾಡು ಮಾತ್ರ ಕೇಳಿದ್ದೆ. ಸೇರು ಯಾವಾಗ ಬಗ್ಗುತ್ತದೆ, ದನಿ ಯಾವಾಗ ಏಳುತ್ತದೆ ಎಂದು ಒಮ್ಮೆಯೂ ಗೋಡೆಯಾಚೆ ನೋಡಿರಲಿಲ್ಲ.

ಅಂದೇ ಪತ್ರಿಕೆಗೆ ತಿದ್ದುಪಡಿ ಬರೆದೆ: ನಾಗಮ್ಮ ಅವರು ಕುರಿಗಳ ಲಾಭ ಪಡೆದಿರುವುದಿಲ್ಲ. ನೋಡಿ, ತಪ್ಪು ಒಪ್ಪಿಕೊಳ್ಳುವಾಗಲೂ ಆ ಶಬ್ದ ನನ್ನ ಕೈ ಬಿಟ್ಟಿರಲಿಲ್ಲ. ಹತ್ತು ದಿನದ ಮೇಲೆ ಅದು ಅಚ್ಚಾಯಿತು. ಪತ್ರಿಕೆಯಲ್ಲಿ ಕುಳಿತು ತಿದ್ದುವವರಿಗೂ ನನ್ನ ಅಭ್ಯಾಸವೇ ಇತ್ತೆಂದು ಕಾಣುತ್ತದೆ. ಶೀರ್ಷಿಕೆ: ‘ಕುರಿಗಳ ಲಾಭ ಪಡೆಯದ ನಾಗಮ್ಮ.’ ಕೊನೆಗೆ ಅವರೇ ಒಂದು ಸಾಲು ಸೇರಿಸಿದ್ದರು: ‘ಫಲಾನುಭವಿಗಳು ಉದಾಸೀನ ಮಾಡದೆ ಇಂಥ ಯೋಜನೆಗಳ ಲಾಭ ಪಡೆಯಬೇಕು.’ ಬಾಗಿಲಿಗೆ ಬಂದ ಕುರಿಯನ್ನು ನಾಗಮ್ಮ ಬೇಡವೆಂದು ಕಳಿಸಿದಂತಾಯಿತು.

ಮುಂದಿನ ರವಿವಾರ ಅವಳು ಮತ್ತೆ ಬಂದಾಗ ಅದನ್ನು ಓದಿ ಹೇಳಿದೆ. ಅವಳು ಕೇಳಿ, “ಮೊದಲು ನಾ ಕಳ್ಳಿ, ಈಗ ಸೊಕ್ಕಿನಾಕಿ. ಇನ್ನೊಮ್ಮೆ ತಿದ್ದಬ್ಯಾಡ್ರಿ ಮಾಸ್ತರ್ರೆ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದಳು.

ಮರುದಿನ ಅರ್ಧ ದಿನದ ರಜೆ ಹಾಕಿ ಅವಳೊಂದಿಗೆ ಹುಮನಾಬಾದಿನ ಕಚೇರಿಗೆ ಹೋದೆ. ಗುಮಾಸ್ತರು ಕೆಟ್ಟವರಲ್ಲ, ಕಾಗದ ಇದ್ದರೆ ನಡೆಯುವವರು, ಇಲ್ಲದಿದ್ದರೆ ನಿಲ್ಲುವವರು. ನನ್ನ ಜಾತಿಯವರೇ.

“ಫೈಲಿನ್ಯಾಗ ಕಾಗದ ಅದ, ಪಡದಾಳ ಅಂತ. ಪಡದಿಲ್ಲ ಅನ್ನಾಕ ಇನ್ನೊಂದು ಕಾಗದ ಬೇಕು. ನೀವು ಬರ್ದು ಕೊಡ್ತೀರಿ?”

“ಏನಂತ?”

“ಕುರಿ ಕೊಟ್ಟದ್ದು ನಾ ಕಣ್ಣಿಲೆ ನೋಡಿಲ್ಲ, ನೋಡದೇ ಬರ್ದೀನಿ ಅಂತ. ಸಹಿ ಮಾಡಿ, ಹುದ್ದೆ ಬರೀಬೇಕು.” ಆಮೇಲೆ ದನಿ ತಗ್ಗಿಸಿದರು. “ವಿಚಾರ ಮಾಡ್ರಿ ಮಾಸ್ತರ್ರೆ. ಹೆಡ್ಮಾಸ್ತರ್ ಅದೀರಿ. ಈ ಫೈಲು ಸಾಹೇಬ್ರ ಮುಂದ ಹೋಗ್ತದ. ಹತ್ತು ಮಂದಿ ಓದ್ತಾರ.”

ಪೆನ್ನಿನ ಟೊಪ್ಪಿಗೆ ತೆಗೆದು ನಿಂತೆ. ನೋಡಿದ್ದನ್ನು ನೋಡಿದಂತೆ ಬರೆಯಿರಿ ಎಂದು ಇಪ್ಪತ್ತು ವರ್ಷ ಹುಡುಗರ ಪ್ರಬಂಧದ ವಹಿಗಳ ಮೇಲೆ ಕೆಂಪಕ್ಷರದಲ್ಲಿ ಬರೆದವನು ನಾನು. ಸಹಿ ಮಾಡಿದರೆ ಆ ವಹಿಗಳೆಲ್ಲ ನನ್ನ ಕಡೆ ತಿರುಗಿ ನಿಲ್ಲುತ್ತವೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಗಡಿಯಾರ ನೋಡಲು ಮರೆತ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ನಾಗಮ್ಮ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದಳು. “ಬರದು ಬಿಡ್ರಿ ಮಾಸ್ತರ್ರೆ,” ಎಂದಳು, “ದುಬಲಗುಂಡಿ ಬಸ್ ಬಂತು.”

ನಾಲ್ಕು ಸಾಲು ಬರೆದೆ. ಲಾಭ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ. ‘ನಾಗಮ್ಮ ಅವರಿಗೆ ಕುರಿ ಕೊಟ್ಟಿಲ್ಲ. ಕೊಟ್ಟರೆಂದು ನಾನು ಬರೆದದ್ದು ನೋಡದೆ ಬರೆದದ್ದು. ತಪ್ಪು ನನ್ನದು. ಅವರಿಗೆ ಕುರಿ ಕೊಡಬೇಕು.’ ಕೆಳಗೆ ಸಹಿ, ಹುದ್ದೆ, ತಾರೀಖು. ಸಾಹೇಬರು ಓದಿದರು, ಶಾಲಾ ಇನ್‌ಸ್ಪೆಕ್ಟರರೂ ಹೇಗೋ ಓದಿದರು. ಮುಂದಿನ ತಪಾಸಣೆಯಲ್ಲಿ ಅವರು ಹಾಜರಿ ಪುಸ್ತಕ ತೆರೆದು, “ಇದಾದರೂ ನೋಡಿ ಬರೆದದ್ದೋ?” ಎಂದು ಕೇಳಿದರು. ಹೌದು ಎಂದೆ. ಅಷ್ಟಕ್ಕೆ ಮುಗಿಯಿತು.

ದೀಪಾವಳಿ ಕಳೆದ ಮೇಲೆ ದುಬಲಗುಂಡಿಗೆ ಲಾರಿ ಬಂತು. ಗುಮಾಸ್ತರು ಹೇಳಿ ಕಳಿಸಿದ್ದರಿಂದ ನಾನೂ ಹೋದೆ. ಅಂದು ಜೇಬಿನಲ್ಲಿ ಬರೆದ ಸುದ್ದಿ ಇರಲಿಲ್ಲ, ಖಾಲಿ ಹಾಳೆ ಇತ್ತು. ಊರಿನವರೂ ಕೂಡಿದ್ದರು, ಪಾಲು ಕೇಳಿದ್ದ ಮೈದುನನೇ ಮುಂದೆ ನಿಂತು ಲಾರಿಯ ಹಲಗೆ ಬಿಚ್ಚುತ್ತಿದ್ದ. ನಾಗಮ್ಮ ಒಂದೊಂದೇ ಕುರಿಯನ್ನು ತಬ್ಬಿ ಇಳಿಸಿಕೊಂಡಳು. ಮೊದಲನೆಯದು ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತ ಮೇಲೆ, ಅದರ ಬೆನ್ನ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿ, ಗಂಜಿನ ರಾಗದಲ್ಲೇ ಕೂಗಿದಳು: “ಲಾಭಾ...”

ಊರಿನವರು ನಕ್ಕರು. ನನಗೆ ಬೋರ್ಡಿಂಗಿನ ಏಟು ನೆನಪಾಯಿತು.

“ಎರಡಾ... ಮೂರಾ...” ಎನ್ನುತ್ತ ಒಂಬತ್ತಕ್ಕೆ ನಿಂತಳು. ಹತ್ತನೆಯದು ದಾರಿಯಲ್ಲೇ ಸತ್ತಿತ್ತು. ಗುಮಾಸ್ತರು ನನ್ನ ಬಳಿ ಸರಿದು, “ಮಂಜೂರಾದದ್ದು ಹತ್ತು ಅದಾವ್ರಿ. ಹತ್ತು ಅಂತನೇ ಬರೀರಿ, ಚಂದ ಕಾಣ್ತದ” ಎಂದರು.

“ಒಂಬತ್ತು ಸುರುವಿದ್ದು ನೋಡಿದೆ,” ಎಂದೆ. ಒಂಬತ್ತು ಎಂದೇ ಬರೆದೆ. ಪತ್ರಿಕೆಯವರು ‘ನಾಗಮ್ಮನಿಗೆ ಕುರಿಗಳ ಲಾಭ’ ಎಂದು ಶೀರ್ಷಿಕೆ ಕೊಟ್ಟರು. ಶೀರ್ಷಿಕೆ ನನ್ನ ಕೈಯಲ್ಲಿರಲಿಲ್ಲ. ಆ ಸಲ ಅದು ತಪ್ಪೂ ಆಗಿರಲಿಲ್ಲ.

ಇಷ್ಟು ಹೇಳಿ ಮುಗಿಸುವಾಗ ಒಂಬತ್ತೂವರೆ. ಚನ್ನಬಸಪ್ಪನ ಅಂಗಡಿ ತೆರೆಯುವ ಹೊತ್ತು ಮೀರಿತ್ತು. ಅವನು ಕೆಂಪು ಗೀಟಿನ ಹಾಳೆಯನ್ನು ಇನ್ನೊಮ್ಮೆ ನೋಡಿದ.

“ಆತ್ರಿ. ಲಾಭ ತೆಗೀರಿ. ಆ ಜಾಗಕ್ಕ ಏನರ ಹಾಕ್ರಿ, ಬೋಳ ಕಾಣ್ತದ.”

‘ಕಣ್ಣು ಮಂಜಾದವರು ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬರಬೇಕು’ ಎಂದು ಬರೆದೆ. ಅವನು ಓದಿ, “ಇದು ಮೊದಲೇ ಹೊಳೀಲಿಲ್ಲ ನೋಡ್ರಿ” ಎಂದ. ಒಳಗಿನಿಂದ ಶಾಂತಾಬಾಯಿ, “ಅವರಿಗೂ ಹೊಳೀಲಿಕ್ಕೆ ಹತ್ತು ಕುರಿ ಬೇಕಾದವು ಚನ್ನಬಸಣ್ಣ” ಎಂದಳು. “ಒಂಬತ್ತು” ಎಂದು ತಿದ್ದಿದೆ.

ಸಂಜೆ ಐದೂವರೆಯ ಬಸ್ಸಿಗೆ ಲಕೋಟೆ ಕೊಟ್ಟು ಬಂದು, ಆರೂವರೆಗೆ ಮೇಜಿನ ಮುಂದೆ ಕುಳಿತೆ. ನಾಗಮ್ಮನ ದಿನದಿಂದ ನನ್ನ ಸುದ್ದಿಯ ವಹಿಗೆ ಎರಡು ಭಾಗ. ಮುಂದಿನ ಭಾಗದಲ್ಲಿ ಆಗಲಿರುವುದು, ಹಿಂದಿನ ಭಾಗದಲ್ಲಿ ಹೋಗಿ ನೋಡಿ ಬಂದದ್ದು. ಹಿಂದಿನ ಭಾಗದಲ್ಲಿ ಪ್ರತಿ ತಿಂಗಳ ಮೊದಲ ಸುದ್ದಿಗೆ ಒಂದು ಎಂದು ಹಾಕುವುದಿಲ್ಲ, ‘ಲಾಭ’ ಎಂದು ಹಾಕುತ್ತೇನೆ. ಆಮೇಲೆ ಎರಡು, ಮೂರು. ಕಣ್ಣಿನ ಶಿಬಿರದ ತಾರೀಖನ್ನು ಮುಂದಿನ ಭಾಗದಲ್ಲಿ ಗುರುತು ಹಾಕಿ, ಎದುರಿಗೆ ‘ಹೋಗುವುದು’ ಎಂದು ಬರೆದೆ. ಆಮೇಲೆ ವಹಿ ತಿರುಗಿಸಿದೆ. ಫೆಬ್ರವರಿಯ ಪುಟ ಇನ್ನೂ ಖಾಲಿ ಇತ್ತು, ಆ ತಿಂಗಳು ಹೋಗಿ ನೋಡಿ ಬಂದದ್ದು ಏನೂ ಇರಲಿಲ್ಲ. ತಾರೀಖು ಹದಿಮೂರಾಗಿದ್ದರೂ ಹಾಗೆಯೇ ಬಿಟ್ಟು, ಪೆನ್ನಿಗೆ ಟೊಪ್ಪಿಗೆ ಹಾಕಿದೆ.